‘ನಮಗಾಗಿ’ ಎಂಬ ಒಂದು ಪದ: ಶಿಲುಬೆಯ ಮರಣವನ್ನು ಕುರಿತ ಕ್ರೈಸ್ತ ಭಿನ್ನಮತಗಳು

ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಗಮನಿಸಬೇಕಾದ ಒಂದು ಮೌನವಿದೆ. ಯೇಸು ದೇವರೋ ಮನುಷ್ಯನೋ, ಎರಡೂ ಆಗಿದ್ದರೆ ಅದು ಹೇಗೆ ಎಂಬ ಪ್ರಶ್ನೆಯನ್ನು ಕುರಿತು ಆರಂಭದ ಶತಮಾನಗಳ ಧರ್ಮಸಭೆಗಳು ಅಕ್ಷರ ಅಕ್ಷರಕ್ಕೂ ವಾದಿಸಿದವು. 325ರಲ್ಲಿ ನೈಸಿಯಾ, 381ರಲ್ಲಿ ಕಾನ್‌ಸ್ಟಾಂಟಿನೋಪಲ್, 451ರಲ್ಲಿ ಕಾಲ್ಸೆಡಾನ್‌ಗಳಲ್ಲಿ ನೆರೆದ ಸಭೆಗಳು ಈ ವಿಷಯದಲ್ಲಿ ವ್ಯಾಖ್ಯೆಗಳನ್ನು ನಿಷ್ಕರ್ಷಿಸಿದವು, ಒಪ್ಪದವರನ್ನು ಹೊರಗಿಟ್ಟವು. ಆದರೆ ಯೇಸು ಶಿಲುಬೆಯ ಮೇಲೆ ಸತ್ತದ್ದು ಮನುಷ್ಯರನ್ನು ಪಾಪದಿಂದ ಹೇಗೆ ಬಿಡಿಸಿತು ಎಂಬ ಪ್ರಶ್ನೆಗೆ ಈ ಸಭೆಗಳಾವುವೂ ಸಿದ್ಧಾಂತರೂಪದ ಉತ್ತರವನ್ನು ಕೊಡಲಿಲ್ಲ. ವಿಶ್ವಾಸಪ್ರಮಾಣವು ‘ನಮಗಾಗಿ’ ಎಂಬ ಒಂದು ಪದವನ್ನು ಹೇಳಿ ಮುಂದೆ ಸಾಗುತ್ತದೆ. ಆ ಒಂದು ಪದದ ಅರ್ಥವನ್ನು ಹುಡುಕುವುದರಲ್ಲಿಯೇ ಹದಿನೆಂಟು ಶತಮಾನಗಳ ವಾದವಿವಾದ ನಡೆದಿದೆ.

ಕನ್ನಡದ ತೌಲನಿಕ ಬರಹಗಳಲ್ಲಿ ಈ ಸಂಗತಿ ಮರೆಯಾಗುವ ಸಂಭವ ಹೆಚ್ಚು. ‘ಮನುಷ್ಯರ ಪಾಪಕ್ಕೆ ಸಲ್ಲಬೇಕಾಗಿದ್ದ ಶಿಕ್ಷೆಯನ್ನು ಯೇಸು ತಾನೇ ಅನುಭವಿಸಿದನೆಂಬುದು ಕ್ರೈಸ್ತರ ನಂಬಿಕೆ’ ಎಂಬ ವಾಕ್ಯವು ಬಲು ಸುಲಭವಾಗಿ ಬಂದುಬಿಡುತ್ತದೆ. ಇದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಅದು ಹಲವು ಮತಗಳಲ್ಲಿ ಒಂದು. ತನ್ನ ಪೂರ್ಣ ರೂಪವನ್ನು ಪಡೆದದ್ದು 16ನೆಯ ಶತಮಾನದ ಸುಧಾರಣಾ ಚಳವಳಿಯಲ್ಲಿ. ಅದೊಂದನ್ನೇ ಕ್ರೈಸ್ತ ಧರ್ಮದ ತಿರುಳೆಂದು ಹಿಡಿದು ಪಾಶ್ಚಾತ್ಯ ಸಾಹಿತ್ಯವನ್ನು ಓದುವವರು ಕೃತಿಗಳನ್ನು ತಪ್ಪಾಗಿ ಓದುತ್ತಾರೆ. ಧರ್ಮಗಳನ್ನು ಹೋಲಿಸುವವರು ಒಂದು ರೂಪಕವನ್ನು ಸಿದ್ಧಾಂತವೆಂದು ಭ್ರಮಿಸುತ್ತಾರೆ.

ಮೊದಲು ಮೂಲದ ಪದಗಳನ್ನು ನೋಡಬೇಕು. ಹೀಬ್ರೂ ಬೈಬಲಿನ ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ದೋಷಪರಿಹಾರದ ದಿನದ ವಿಧಿ ಇದೆ. ಅಲ್ಲಿ ಎರಡು ಹೋತಗಳಿವೆ. ಒಂದನ್ನು ಕೊಂದು ಅದರ ರಕ್ತದಿಂದ ಗರ್ಭಗುಡಿಯನ್ನು ಶುದ್ಧಿಗೊಳಿಸುತ್ತಾರೆ. ಇನ್ನೊಂದರ ತಲೆಯ ಮೇಲೆ ಮಹಾಯಾಜಕನು ಕೈಗಳನ್ನಿಟ್ಟು ಜನರ ಪಾಪಗಳನ್ನೆಲ್ಲ ಅರಿಕೆಮಾಡಿ, ಅದನ್ನು ಜೀವಸಹಿತ ಅರಣ್ಯಕ್ಕೆ ಅಟ್ಟುತ್ತಾನೆ. ಪಾಪವನ್ನು ಹೊತ್ತ ಹೋತವು ಬಲಿಯಾಗುವುದಿಲ್ಲ. ಬಲಿಯಾದ ಹೋತದ ಮೇಲೆ ಪಾಪಗಳನ್ನು ಅರಿಕೆಮಾಡಿ ಹೊರಿಸುವುದಿಲ್ಲ. ಶುದ್ಧೀಕರಣ ಮತ್ತು ಹೊರೆಸಾಗಣೆ ಎಂಬ ಎರಡು ಬೇರೆ ಬೇರೆ ಚಿತ್ರಗಳು ಒಂದೇ ದಿನದ ವಿಧಿಯಲ್ಲಿ ಸೇರಿವೆ. ಭಿನ್ನತೆಯ ಬೀಜ ಇಲ್ಲಿಯೇ ಇದೆ.

ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಚಿತ್ರಗಳು ಇನ್ನೂ ಹೆಚ್ಚುತ್ತವೆ. ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತನ್ನ ಪ್ರಾಣವನ್ನು ‘ಲೂಟ್ರಾನ್’ ಎನ್ನುತ್ತಾನೆ. ಅದು ಗುಲಾಮರನ್ನೋ ಸೆರೆಯಾಳುಗಳನ್ನೋ ಬಿಡಿಸಿಕೊಳ್ಳಲು ತೆರುವ ಬೆಲೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ‘ಹಿಲಾಸ್ಟೀರಿಯಾನ್’ ಎಂಬ ದೇವಾಲಯದ ಪದವಿದೆ. ಅದೇ ಪತ್ರದ 5ನೆಯ ಅಧ್ಯಾಯದಲ್ಲಿ ‘ಕಟಲ್ಲಗೇ’ ಎಂಬ, ಹಗೆಗಳಾಗಿದ್ದವರು ಒಂದಾಗುವ ಅರ್ಥದ ಪದವಿದೆ. ಒಂದು ಸಂತೆಯದು, ಒಂದು ಗುಡಿಯದು, ಮತ್ತೊಂದು ಮನೆತನಗಳ ಜಗಳ ತೀರುವ ಪಂಚಾಯಿತಿಯದು. ವ್ಯಾಕರಣವೂ ಏಕರೂಪವಾಗಿಲ್ಲ. ಮಾರ್ಕನ ವಾಕ್ಯದಲ್ಲಿರುವುದು ‘ಬದಲಿಗೆ’ ಎಂಬ ಅರ್ಥದ ‘ಆಂಟಿ’. ಪೌಲನು ಸಾಮಾನ್ಯವಾಗಿ ಬಳಸುವುದು ‘ಹಿತಕ್ಕಾಗಿ, ಪರವಾಗಿ’ ಎಂಬ ಅರ್ಥದ ‘ಹ್ಯೂಪೆರ್’. ವಿಶ್ವಾಸಪ್ರಮಾಣದಲ್ಲಿರುವುದೂ ಇದೇ ಎರಡನೆಯ ಪದ. ‘ನಮ್ಮ ಬದಲಿಗೆ ಸತ್ತನು’ ಎಂಬುದಕ್ಕೂ ‘ನಮ್ಮ ಹಿತಕ್ಕಾಗಿ ಸತ್ತನು’ ಎಂಬುದಕ್ಕೂ ಇರುವ ಅಂತರ ಸಣ್ಣದಲ್ಲ.

ಇಂಗ್ಲಿಷಿನ ‘ಅಟೋನ್‌ಮೆಂಟ್’ ಪದದ ಚರಿತ್ರೆ ಇದನ್ನೇ ಹೇಳುತ್ತದೆ. 1526ರ ತನ್ನ ಹೊಸ ಒಡಂಬಡಿಕೆಯ ಅನುವಾದದಲ್ಲಿ ವಿಲಿಯಂ ಟಿಂಡೇಲನು ‘ಕಟಲ್ಲಗೇ’ ಎಂಬುದಕ್ಕೆ ಈ ಪದವನ್ನು ಬಳಸಿದನು. ಅದರ ಮೂಲಾರ್ಥ ‘ಒಂದಾಗಿರುವಿಕೆ’. ಕ್ರಮೇಣ ಅದೇ ಪದ ‘ತಪ್ಪಿಗೆ ತೆರುವ ಪರಿಹಾರ’ ಎಂಬ ಅರ್ಥಕ್ಕೆ ಜಾರಿತು. 20ನೆಯ ಶತಮಾನದಲ್ಲಿ ‘ಹಿಲಾಸ್ಟೀರಿಯಾನ್’ ಪದವೂ ವಿವಾದಕ್ಕೆ ಎಡೆಯಾಯಿತು. ಅದರ ಅರ್ಥ ಪಾಪವನ್ನು ತೊಡೆಯುವುದು ಎಂದು ಸಿ. ಎಚ್. ಡಾಡ್ ಅವರು 1930ರ ದಶಕದಲ್ಲಿ ವಾದಿಸಿದರು. ದೇವರ ಕೋಪವನ್ನು ಶಮನಗೊಳಿಸುವುದೆಂಬ ಅರ್ಥವನ್ನು ಬಿಡಲಾಗದೆಂದು ಲಿಯಾನ್ ಮಾರಿಸ್ ಅವರು 1955ರ ತಮ್ಮ ಗ್ರಂಥದಲ್ಲಿ ಉತ್ತರಿಸಿದರು. ಪ್ರಶ್ನೆ ಕರ್ಮಪದದ್ದು: ಕ್ರಿಯೆ ನಡೆಯುವುದು ದೋಷದ ಮೇಲೋ, ದೇವರ ಮೇಲೋ?

ಕನ್ನಡದ ಅನುವಾದಕರು ಎದುರಿಸಿದ್ದೂ ಇದೇ ಪ್ರಶ್ನೆ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ನಿಂದ ಮೊದಲುಗೊಂಡು ಮಂಗಳೂರಿನ ಬಾಸೆಲ್ ಮಿಷನ್ನಿನವರವರೆಗೆ ಬೈಬಲನ್ನು ಕನ್ನಡಕ್ಕೆ ತಂದವರು ಇಲ್ಲಿ ಆಗಲೇ ಬೇರೂರಿದ್ದ ಪದಗಳನ್ನೇ ಆಯಬೇಕಾಯಿತು. ಬಳಕೆಯಲ್ಲಿರುವ ಕನ್ನಡ ಸತ್ಯವೇದದಲ್ಲಿ ‘ಲೂಟ್ರಾನ್’ ಪದಕ್ಕೆ ‘ಈಡು’ ಎಂಬ ಅಚ್ಚಗನ್ನಡ ಪದವಿದೆ. ಜಮೀನನ್ನು ಈಡು ಮಾಡಿ ಸಾಲ ತರುವ ಒಕ್ಕಲಿನ ನಾಡಿಗೆ ಒತ್ತೆ, ಸರಿಸಮ, ಬದಲು ಎಂಬ ಎಲ್ಲ ಛಾಯೆಗಳೂ ಆ ಪದದಲ್ಲಿ ಕೇಳುತ್ತವೆ. ಯಾಜಕಕಾಂಡದ ವಿಧಿಗಳಿಗೆ ‘ದೋಷಪರಿಹಾರ’, ‘ಪ್ರಾಯಶ್ಚಿತ್ತ’ ಎಂಬ ಪದಗಳಿವೆ. ಇವುಗಳಲ್ಲಿ ‘ಪ್ರಾಯಶ್ಚಿತ್ತ’ ತೊಡಕಿನ ಪದ. ಧರ್ಮಶಾಸ್ತ್ರಗಳಲ್ಲಿ ಅದು ತಪ್ಪು ಮಾಡಿದವನೇ ಆಚರಿಸಬೇಕಾದ ವ್ರತ; ತತ್ತ್ವಾರ್ಥಸೂತ್ರವು ಅದನ್ನು ಆಭ್ಯಂತರ ತಪಸ್ಸುಗಳಲ್ಲಿ ಮೊದಲನೆಯದಾಗಿ ಎಣಿಸುತ್ತದೆ. ಮಾಡಿದವನಿಗೆ ಬದಲಾಗಿ ಮತ್ತೊಬ್ಬನು ಮಾಡುವ ಪ್ರಾಯಶ್ಚಿತ್ತವೆಂಬುದು ಈ ಪದದ ಹಳೆಯ ಬಾಳಿಗೆ ಹೊಸದು. ಒಂದೇ ಪದ ಎರಡು ಕಡೆ ಇರುವುದರಿಂದ ಎರಡು ಧರ್ಮಗಳು ಒಂದೇ ಮಾತನ್ನು ಹೇಳುತ್ತಿವೆಯೆಂದು ತೀರ್ಮಾನಿಸುವ ಸಂಶೋಧಕರು ಇಲ್ಲಿ ತಡೆದು ನಿಲ್ಲಬೇಕು.

ಪದಗಳಿಂದ ಮತಗಳಿಗೆ ಬಂದರೆ, ಮೊದಲ ಸಾವಿರ ವರ್ಷಗಳಲ್ಲಿ ಪ್ರಬಲವಾಗಿದ್ದುದು ಬಿಡುಗಡೆಯ ಚಿತ್ರ. ಮನುಷ್ಯಕುಲವು ಸಾವು ಮತ್ತು ಸೈತಾನರ ಸೆರೆಯಲ್ಲಿತ್ತು, ಕ್ರಿಸ್ತನು ಅದನ್ನು ಬಿಡಿಸಿದನು ಎಂಬುದು ಇದರ ಸಾರ. ಬೆಲೆ ತೆತ್ತದ್ದಾದರೆ ಅದು ಯಾರಿಗೆ ಸಂದಿತು? 3ನೆಯ ಶತಮಾನದ ಓರಿಜನ್‌ನು ಸೈತಾನನಿಗೆ ಎಂದನು. 4ನೆಯ ಶತಮಾನದ ನಿಸ್ಸದ ಗ್ರೆಗರಿಯು ಇದನ್ನು ಗಾಳದ ಉಪಮೆಯಾಗಿ ಬೆಳೆಸಿದನು: ಮಾನವದೇಹವೆಂಬ ಎರೆಯೊಳಗೆ ದೈವತ್ವವೆಂಬ ಕೊಕ್ಕೆ ಅಡಗಿತ್ತು, ಸೈತಾನನು ಎರೆಯೊಂದಿಗೆ ಕೊಕ್ಕೆಯನ್ನೂ ನುಂಗಿ ಸಿಕ್ಕಿಬಿದ್ದನು. ಅದೇ ಕಾಲದ, ಅದೇ ಪ್ರಾಂತ್ಯದ ನಾಜಿಯಾಂಜಸ್‌ನ ಗ್ರೆಗರಿಗೆ ಇದು ಸಹ್ಯವಾಗಲಿಲ್ಲ. ಕಳ್ಳನಾದ ಸೈತಾನನಿಗೆ ದೇವರು ಬೆಲೆ ತೆರುವುದು ನಾಚಿಕೆಗೇಡು; ತಂದೆಯಾದ ದೇವರಿಗೆ ಎನ್ನೋಣವೆಂದರೆ, ಮನುಷ್ಯರನ್ನು ಸೆರೆಯಲ್ಲಿಟ್ಟವನು ಅವನಲ್ಲ, ಇಸಾಕನ ಬಲಿಯನ್ನೂ ಒಲ್ಲದವನು ಮಗನ ರಕ್ತಕ್ಕೆ ಒಲಿಯುವನೇ ಎಂದು ಆತ ಕೇಳಿದನು. ಉಪಮೆಯನ್ನು ಎಷ್ಟು ದೂರ ಎಳೆಯಬಹುದೆಂಬ ವಿಮರ್ಶೆಯು ಪಂಥದ ಒಳಗಿನಿಂದಲೇ ಆಗ ಹುಟ್ಟಿತ್ತು.

ಎರಡನೆಯ ದೊಡ್ಡ ತಿರುವು ಆನ್‌ಸೆಲ್ಮ್‌ನದು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಆತ ರಾಜನೊಡನೆ ವಿರಸವಾಗಿ ಇಟಲಿಯಲ್ಲಿ ದೇಶಭ್ರಷ್ಟನಾಗಿದ್ದಾಗ, 1098ರಲ್ಲಿ, ‘ದೇವರು ಮನುಷ್ಯನಾದದ್ದೇಕೆ’ ಎಂಬ ಅರ್ಥದ ಹೆಸರಿನ ಲ್ಯಾಟಿನ್ ಸಂವಾದಗ್ರಂಥವನ್ನು ಮುಗಿಸಿದನು. ಸೈತಾನನಿಗೆ ಯಾವ ಹಕ್ಕೂ ಇಲ್ಲವೆಂದು ಅವನನ್ನು ಕಣದಿಂದ ಹೊರಗಟ್ಟಿದನು. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ಅಪರಾಧದ ತೂಕ ಅಪಮಾನಿತನ ಘನತೆಗೆ ತಕ್ಕಂತೆ ಏರುತ್ತದೆ. ಆದ್ದರಿಂದ ಋಣ ಅಪಾರವಾದುದು. ಸಲ್ಲಿಸಬೇಕಾದವನು ಮನುಷ್ಯ, ಸಲ್ಲಿಸಬಲ್ಲವನು ದೇವರು ಮಾತ್ರ. ಆದಕಾರಣ ದೇವಮಾನವನೊಬ್ಬನು ಬೇಕಾಯಿತು. ಜೋಳವಾಳಿ, ವೇಳೆವಾಳಿಗಳ ಕಲ್ಪನೆಯನ್ನು ಬಲ್ಲ ಪಂಪನ ಓದುಗರಿಗೆ ಒಡೆಯ-ಆಳುಗಳ ಈ ಊಳಿಗಮಾನ್ಯ ಲೋಕ ಅಪರಿಚಿತವೇನಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಬಾರದು. ‘ತೃಪ್ತಿಪಡಿಸುವಿಕೆ ಇಲ್ಲವೇ ಶಿಕ್ಷೆ’ ಎಂಬುದು ಆನ್‌ಸೆಲ್ಮ್‌ನ ಸೂತ್ರ. ಕ್ರಿಸ್ತನು ಸಲ್ಲಿಸಿದ್ದು ಮೊದಲನೆಯದನ್ನು. ಅದರಿಂದ ಎರಡನೆಯದು ತಪ್ಪಿತು. ಆನ್‌ಸೆಲ್ಮ್‌ನ ಕ್ರಿಸ್ತನು ಶಿಕ್ಷೆಯನ್ನು ಅನುಭವಿಸಿದವನಲ್ಲ, ಶಿಕ್ಷೆಯ ಅಗತ್ಯವನ್ನೇ ಇಲ್ಲವಾಗಿಸಿದವನು. ಅವನನ್ನು ಕಾಲ್ವಿನ್‌ನೊಡನೆ ಒಂದೇ ಉಸಿರಿನಲ್ಲಿ ಹೆಸರಿಸುವ ಪರಾಮರ್ಶನ ಗ್ರಂಥಗಳು ಈ ವ್ಯತ್ಯಾಸವನ್ನು ಅಳಿಸಿಬಿಡುತ್ತವೆ.

ಮರುಪೀಳಿಗೆಯ ಪೀಟರ್ ಅಬೆಲಾರ್ಡ್ ರೋಮಾಪುರದವರ ಪತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ದಿಕ್ಕನ್ನೇ ಬದಲಿಸಿದನು. ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ ಎಂಬುದು ಅವನ ಪ್ರಶ್ನೆ. ಶಿಲುಬೆಯು ದೇವರ ಪ್ರೀತಿಯನ್ನು ತೋರಿ ಮನುಷ್ಯರ ಎದೆಯಲ್ಲಿ ಮರುಪ್ರೀತಿಯನ್ನು ಹೊತ್ತಿಸುತ್ತದೆ. ಬದಲಾಗಬೇಕಾದವನು ದೇವರಲ್ಲ, ಮನುಷ್ಯ. ಕ್ಲೇರ್ವೋದ ಬರ್ನಾರ್ಡ್ ಇದನ್ನು ಕಟುವಾಗಿ ವಿರೋಧಿಸಿದನು; 1140ರ ಸುಮಾರಿಗೆ ಸಾನ್ಸ್‌ನಲ್ಲಿ ನೆರೆದ ಸಭೆ ಅಬೆಲಾರ್ಡ್‌ನ ಹಲವು ಮಾತುಗಳನ್ನು ಖಂಡಿಸಿತು. ಅವನ ನಿಲುವು ಆಧುನಿಕ ಮನಸ್ಸಿಗೆ ಒಪ್ಪುವಂಥದು. ಆದರೂ ಅದರಲ್ಲಿ ಒಂದು ಬಿರುಕಿದೆ. ಸ್ಕಾಟ್ಲೆಂಡಿನ ಜೇಮ್ಸ್ ಡೆನ್ನಿ ಅದನ್ನು ಒಂದು ದೃಷ್ಟಾಂತದಿಂದ ತೋರಿಸಿದನು: ದಡದಲ್ಲಿ ಸುಖವಾಗಿ ಕುಳಿತವನೊಬ್ಬನ ಮೇಲಿನ ಪ್ರೀತಿಯನ್ನು ತೋರಿಸಲೆಂದು ಇನ್ನೊಬ್ಬನು ನೀರಿಗೆ ಹಾರಿ ಸತ್ತರೆ ಅದು ಪ್ರೀತಿಯೆನಿಸುವುದಿಲ್ಲ, ಮುಳುಗುತ್ತಿರುವವನನ್ನು ಎತ್ತಲು ಹಾರಿದರೆ ಮಾತ್ರ ಅರ್ಥವುಂಟು. ಸಾವು ಏನನ್ನಾದರೂ ಸಾಧಿಸಿದರೆ ಮಾತ್ರ ಅದು ಪ್ರೀತಿಯನ್ನು ತೋರಿಸೀತು.

16ನೆಯ ಶತಮಾನದಲ್ಲಿ ರೂಪಕವು ನ್ಯಾಯಾಲಯಕ್ಕೆ ಬಂದಿತು. ಓರ್ಲಿಯನ್ಸ್ ಮತ್ತು ಬೂರ್ಜ್‌ಗಳಲ್ಲಿ ಕಾನೂನನ್ನು ಓದಿದ್ದ ಜಾನ್ ಕಾಲ್ವಿನ್‌ನ ಗ್ರಂಥದಲ್ಲಿ, ಅದರಲ್ಲಿಯೂ 1559ರ ಅಂತಿಮ ಆವೃತ್ತಿಯಲ್ಲಿ, ಯೇಸುವು ಪಿಲಾತನ ನ್ಯಾಯಪೀಠದ ಮುಂದೆ ಅಪರಾಧಿಯ ಜಾಗದಲ್ಲಿ ನಿಂತದ್ದಕ್ಕೇ ಅರ್ಥವಿದೆ: ಪಾಪಿಗಳಿಗೆ ವಿಧಿಸಬೇಕಾದ ದಂಡವು ಅವನ ಮೇಲೆ ಬಿದ್ದಿತು. ಇದಕ್ಕೆ ಅತ್ಯಂತ ತೀಕ್ಷ್ಣವಾದ ಉತ್ತರ ಬಂದದ್ದು ಇಟಲಿಯ ಫಾಉಸ್ಟಸ್ ಸೊಸೀನಸ್‌ನಿಂದ. ಸಾಲ ಪೂರ್ತಿ ಸಂದಾಯವಾಗಿದ್ದರೆ ಅದನ್ನು ಕ್ಷಮೆಯೆನ್ನಲಾಗದು, ಕ್ಷಮಿಸಿದ್ದರೆ ಸಂದಾಯದ ಅಗತ್ಯವಿರಲಿಲ್ಲ. ಹಣದ ಸಾಲವನ್ನು ಮತ್ತೊಬ್ಬನು ತೀರಿಸಬಹುದು, ಅಪರಾಧವನ್ನು ವರ್ಗಾಯಿಸಲಾಗದು ಎಂಬುದು ಅವನ ವಾದ. ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್ 1617ರಲ್ಲಿ ಇದಕ್ಕೆ ಉತ್ತರವಾಗಿ, ದೇವರನ್ನು ಸಾಲಗಾರನೆದುರಿನ ಧನಿಯಂತೆ ಕಾಣದೆ ಲೋಕವನ್ನಾಳುವ ಅರಸನಂತೆ ಕಾಣಬೇಕು, ದಂಡದ ಉದ್ದೇಶ ಆಡಳಿತದ ಮರ್ಯಾದೆಯನ್ನು ಕಾಯುವುದು ಎಂದನು. ಸಂತೆ, ಗುಡಿ, ಅರಮನೆ, ನ್ಯಾಯಾಲಯ: ಒಂದೊಂದು ಯುಗವೂ ತನಗೆ ಅತ್ಯಂತ ಪರಿಚಿತವಾದ ಸಂಸ್ಥೆಯಿಂದ ಶಿಲುಬೆಯನ್ನು ಓದಿತು.

ಇವೆಲ್ಲ ವಿದ್ವಾಂಸರ ಜಗಳವೆಂದು ಭಾವಿಸಬಾರದು. ಡೋರ್ಟ್ ಸಭೆ 1618-19ರಲ್ಲಿ, ದೇವರು ಆಯ್ದುಕೊಂಡವರನ್ನು ಮಾತ್ರ ಬಿಡಿಸುವುದು ಕ್ರಿಸ್ತನ ಮರಣದ ಉದ್ದೇಶವೆಂದು ನಿರ್ಣಯಿಸಿತು. ತರ್ಕ ಸರಿಯಾಗಿಯೇ ಇತ್ತು: ಎಲ್ಲರ ದಂಡವೂ ಸಂದಾಯವಾಗಿದ್ದರೆ ಯಾರಿಗೂ ಶಿಕ್ಷೆಯಾಗಬಾರದು. ಇದೇ ಪರಂಪರೆಯ ಸ್ಕಾಟ್ಲೆಂಡಿನ ರೋ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಜಾನ್ ಮೆಕ್ಲಿಯಡ್ ಕ್ಯಾಂಬೆಲ್ ಈ ತರ್ಕದ ಫಲವನ್ನು ತನ್ನ ಸಭೆಯ ಜನರಲ್ಲಿ ಕಂಡನು. ತಾವು ಆಯ್ಕೆಯಾದವರೋ ಅಲ್ಲವೋ ತಿಳಿಯದೆ ಅವರು ಭಯದಲ್ಲಿ ಬದುಕುತ್ತಿದ್ದರು. ಕ್ರಿಸ್ತನು ಸತ್ತದ್ದು ಎಲ್ಲರಿಗಾಗಿ ಎಂದು ಅವನು ಬೋಧಿಸಿದನು. ಅದಕ್ಕಾಗಿ 1831ರಲ್ಲಿ ಸ್ಕಾಟ್ಲೆಂಡಿನ ಚರ್ಚು ಅವನನ್ನು ಪಾದ್ರಿಪದವಿಯಿಂದ ತೆಗೆಯಿತು. ಇಪ್ಪತ್ತೈದು ವರ್ಷಗಳ ತರುವಾಯ, 1856ರಲ್ಲಿ, ಪ್ರಾಯಶ್ಚಿತ್ತದ ಸ್ವರೂಪವನ್ನು ಕುರಿತ ಅವನ ಗ್ರಂಥ ಹೊರಬಂದಿತು. ದೇವರು ಮೊದಲು ನ್ಯಾಯಾಧೀಶ, ಆಮೇಲೆ ತಂದೆ ಎಂಬ ಕ್ರಮವೇ ತಲೆಕೆಳಗಾದುದು ಎಂಬುದು ಅವನ ನಿಲುವಿನ ಸಾರ. ಒಂದು ಉಪಮೆಯನ್ನು ಅಕ್ಷರಶಃ ನಂಬಿದಾಗ ಒಂದು ಊರಿನ ಜನರ ನಿದ್ರೆ ಕೆಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ನ್ಯಾಯಾಲಯವನ್ನು ಬಹುಮಟ್ಟಿಗೆ ಹೊಗಲೇ ಇಲ್ಲ. ಅಲ್ಲಿ ಪಾಪವು ರೋಗ ಮತ್ತು ಮರಣ. ಬಿಡುಗಡೆಯು ಮನುಷ್ಯನು ದೈವಿಕ ಜೀವನದಲ್ಲಿ ಪಾಲುಗೊಳ್ಳುವುದು. ಇಸ್ತಾಂಬುಲ್‌ನ ಕೋರಾ ದೇವಾಲಯದ 14ನೆಯ ಶತಮಾನದ ಭಿತ್ತಿಚಿತ್ರದಲ್ಲಿ ಕ್ರಿಸ್ತನು ಪಾತಾಳದ ಕದಗಳನ್ನು ತುಳಿದು ನಿಂತು, ಆದಾಮ ಮತ್ತು ಹವ್ವರನ್ನು ಮುಂಗೈ ಹಿಡಿದು ಗೋರಿಗಳಿಂದ ಎಳೆದೆತ್ತುತ್ತಾನೆ. ಅದರ ಪಕ್ಕದಲ್ಲಿ 16ನೆಯ ಶತಮಾನದ ಆರಂಭದಲ್ಲಿ ಗ್ರೂನೆವಾಲ್ಡ್ ರಚಿಸಿದ ಈಸನ್‌ಹೈಮ್ ಪೀಠಚಿತ್ರವನ್ನಿಟ್ಟರೆ, ಹುಣ್ಣುಗಳಿಂದ ತುಂಬಿದ ಮೈ, ಸೆಟೆದ ಬೆರಳುಗಳು. ಎರಡೂ ‘ನಮಗಾಗಿ’ ಎಂಬ ಪದದ ವ್ಯಾಖ್ಯಾನಗಳೇ. ಸ್ವೀಡನ್ನಿನ ಗುಸ್ತಾಫ್ ಔಲೇನ್ ಅವರು 1930ರಲ್ಲಿ ಈ ಹಳೆಯ ವಿಜಯದ ಚಿತ್ರವೇ ಮೂಲವಾದುದೆಂದು ವಾದಿಸಿ ಚರ್ಚೆಯನ್ನು ಮತ್ತೆ ತೆರೆದರು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಭೇದಗಳು ಓದಿನ ಕೀಲಿಗಳು. ಹಳೆಯ ಇಂಗ್ಲಿಷಿನ ‘ಡ್ರೀಮ್ ಆಫ್ ದ ರೂಡ್’ ಕಾವ್ಯದಲ್ಲಿ ಕ್ರಿಸ್ತನು ವೀರಯೋಧನಂತೆ ತಾನೇ ಶಿಲುಬೆಯನ್ನೇರುತ್ತಾನೆ. ಅಲ್ಲಿ ದಂಡನೆಯನ್ನು ಹುಡುಕಿದರೆ ಸಿಕ್ಕದು. ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ನ ಮೂರನೆಯ ಸರ್ಗದಲ್ಲಿ ನ್ಯಾಯದ ಬೇಡಿಕೆ ಸ್ಪಷ್ಟವಾಗಿದೆ, ಅದೇ ಕವಿ 1671ರ ‘ಪ್ಯಾರಡೈಸ್ ರೀಗೇನ್ಡ್’ನಲ್ಲಿ ಗೆಲುವನ್ನು ಶಿಲುಬೆಯಲ್ಲಿಡದೆ ಅರಣ್ಯದ ಪ್ರಲೋಭನೆಯಲ್ಲಿಡುತ್ತಾನೆ. ಜಾರ್ಜ್ ಹರ್ಬರ್ಟ್‌ನ ‘ರಿಡೆಂಪ್ಷನ್’ ಎಂಬ ಸುನೀತದಲ್ಲಿ ಗೇಣಿದಾರನೊಬ್ಬನು ಹೊಸ ಕರಾರನ್ನು ಬೇಡಲು ಒಡೆಯನನ್ನು ಅರಸುತ್ತ ಹೋಗುತ್ತಾನೆ. ಒಡೆಯ ಸಿಗುವುದು ಅರಮನೆಯಲ್ಲಲ್ಲ, ಕಳ್ಳಕಾಕರ ಗದ್ದಲದ ನಡುವೆ, ಸಾಯುತ್ತ. ಸಿ. ಎಸ್. ಲೂಯಿಸ್ ಅವರ 1950ರ ಮಕ್ಕಳ ಕಾದಂಬರಿಯಲ್ಲಿ ಆಸ್ಲಾನ್ ಎಂಬ ಸಿಂಹ ತನ್ನ ಪ್ರಾಣವನ್ನೊಪ್ಪಿಸುವುದು ಮಾಟಗಾತಿಗೆ. ಅದು ಓರಿಜನ್‌ನ ಕಾಲದ ಹಳೆಯ ಚಿತ್ರವೇ.

ಇತ್ತೀಚಿನ ದಶಕಗಳಲ್ಲಿ ಪ್ರಶ್ನೆ ಇನ್ನಷ್ಟು ಮೊನಚಾಗಿದೆ. ಜೋನ್ ಕಾರ್ಲ್‌ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ ಅವರು 1989ರಲ್ಲಿ, ತಂದೆಯ ಇಚ್ಛೆಗೆ ಮಣಿದು ಮಗನು ಹಿಂಸೆಯನ್ನು ಸಹಿಸುವುದನ್ನೇ ಆದರ್ಶವಾಗಿಸಿದರೆ, ಮನೆಯೊಳಗೆ ಹೊಡೆತ ತಿನ್ನುವ ಹೆಣ್ಣಿಗೆ ಧರ್ಮವು ಸಹಿಸಿಕೊ ಎಂದೇ ಹೇಳಿದಂತಾಗುತ್ತದೆ ಎಂದು ಆಕ್ಷೇಪಿಸಿದರು. ಡೆಲೋರಿಸ್ ವಿಲಿಯಮ್ಸ್ ಅವರು 1993ರ ತಮ್ಮ ಗ್ರಂಥದಲ್ಲಿ, ಗುಲಾಮಗಿರಿಯ ಕಾಲದಲ್ಲಿ ಒಡತಿಯ ಬದಲಿಗೆ ಹಾಲೂಡಿಸಿ, ಗಂಡಾಳಿನ ಬದಲಿಗೆ ಹೊಲದಲ್ಲಿ ದುಡಿದ ಕಪ್ಪು ಹೆಂಗಸರಿಗೆ ‘ಬದಲಿಯಾಗುವುದು’ ಪವಿತ್ರವೆಂದು ಹೇಳುವುದು ಹೇಗೆ ಎಂದು ಕೇಳಿದರು. 2013ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚಿನ ಹೊಸ ಗೀತಸಂಪುಟದಿಂದ ಒಂದು ಜನಪ್ರಿಯ ಗೀತೆ ಬಿಟ್ಟುಹೋಯಿತು. ಅದರಲ್ಲಿ ದೇವರ ಕೋಪವನ್ನು ಕುರಿತ ಸಾಲೊಂದನ್ನು ಪ್ರೀತಿಯನ್ನು ಕುರಿತದ್ದಾಗಿ ಬದಲಿಸಲು ಸಮಿತಿ ಬಯಸಿತು, ರಚನಕಾರರು ಒಪ್ಪಲಿಲ್ಲ.

ಹಾಗಾದರೆ ದಂಡನೆಯ ಮತವನ್ನು ಕೈಬಿಟ್ಟರೆ ಎಲ್ಲವೂ ಸರಿಹೋಗುವುದೇ? ಇಲ್ಲ. ಆ ಮತ ಕಾಯುತ್ತಿರುವ ಸತ್ಯವೊಂದಿದೆ: ಅನ್ಯಾಯಕ್ಕೆ ಬೆಲೆಯುಂಟು, ಅದನ್ನು ಸುಮ್ಮನೆ ಒರೆಸಿಹಾಕಲಾಗದು. ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಇವಾನನು, ಮಗುವನ್ನು ನಾಯಿಗಳಿಂದ ಹರಿಸಿ ಕೊಲ್ಲಿಸಿದವನನ್ನು ತಾಯಿಯೂ ಮಗುವಿನ ಪರವಾಗಿ ಕ್ಷಮಿಸಕೂಡದು ಎನ್ನುತ್ತಾನೆ. ಪ್ರೀತಿಯನ್ನು ಮಾತ್ರ ಹೇಳುವ ಮತಕ್ಕೆ ಇವಾನನೆದುರು ಮಾತು ಹೊರಡುವುದಿಲ್ಲ. ಆಲ್ಯೋಷ ಕೊಡುವ ಉತ್ತರ, ನಿರಪರಾಧಿಯಾಗಿ ತಾನೇ ರಕ್ತ ಸುರಿಸಿದ ಒಬ್ಬನಿಗೆ ಮಾತ್ರ ಕ್ಷಮಿಸುವ ಹಕ್ಕಿದೆ ಎಂಬುದು. ಅದು ಸಿದ್ಧಾಂತವಲ್ಲ, ನೊಂದವನ ಕಡೆಯಿಂದ ಶಿಲುಬೆಯನ್ನು ನೋಡುವ ಕ್ರಮ.

ಇಷ್ಟು ಮತಗಳ ನಡುವೆ ಎಲ್ಲವೂ ಸಮಾನವೆಂದು ಹೇಳಿ ಮುಗಿಸುವುದು ಸುಲಭ, ಆದರೆ ಸರಿಯಲ್ಲ. ಪ್ರತಿಯೊಂದನ್ನೂ ಒಂದು ಪ್ರಶ್ನೆಯಿಂದ ಪರೀಕ್ಷಿಸಬಹುದು: ಈ ಚಿತ್ರವು ನೊಂದವರಿಗೆ ಏನು ಹೇಳುತ್ತದೆ? ಕ್ಯಾಂಬೆಲ್‌ನ ಊರಿನ ಜನ, ವಿಲಿಯಮ್ಸ್ ಬರೆದ ಹೆಂಗಸರು, ಇವಾನನ ಮಗು ಇವರೆದುರು ನಿಲ್ಲಲಾರದ ವ್ಯಾಖ್ಯಾನ ತರ್ಕದಲ್ಲಿ ಎಷ್ಟೇ ಬಿಗಿಯಾಗಿದ್ದರೂ ಅಪೂರ್ಣವಾದುದು. ದಂಡನೆಯ ಮತವು ಒಂಟಿಯಾಗಿ ನಿಂತಾಗ ಸೋಲುವುದು ಇಲ್ಲಿಯೇ. ಉಳಿದ ಚಿತ್ರಗಳ ಜೊತೆಯಲ್ಲಿದ್ದಾಗ ಅದಕ್ಕೂ ಸ್ಥಾನವುಂಟು. ಆರಂಭದ ಸಭೆಗಳು ಈ ವಿಷಯದಲ್ಲಿ ಉಳಿಸಿದ ಮೌನವು ಕೊರತೆಯಾಗಿರದೆ, ಹಲವು ಚಿತ್ರಗಳಿಗೆ ಜಾಗ ಬಿಟ್ಟ ವಿವೇಕವಾಗಿ ಪರಿಣಮಿಸಿದೆ.

ಕನ್ನಡದಲ್ಲಿ ಈ ಓದಿಗೆ ಸಾಮಗ್ರಿ ಇಲ್ಲದಿಲ್ಲ. ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದ ಮಂಜೇಶ್ವರ ಗೋವಿಂದ ಪೈಯವರು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ವಸ್ತುವಾಗಿಸಿಕೊಂಡರು. ಕ್ರೈಸ್ತನಲ್ಲದ ಕವಿಯೊಬ್ಬನು ಆ ಮರಣವನ್ನು ಚಿತ್ರಿಸುವಾಗ ಅದು ಬಲಿಯೋ, ಈಡೋ, ವಿಜಯವೋ, ಪ್ರೀತಿಯ ದರ್ಶನವೋ ಎಂಬುದು ಪಠ್ಯವನ್ನು ಮುಂದಿಟ್ಟುಕೊಂಡು ಶೋಧಿಸಬೇಕಾದ ಪ್ರಶ್ನೆ. ‘ಕ್ರೈಸ್ತರ ನಂಬಿಕೆ ಇಂತಿಷ್ಟೆ’ ಎಂಬ ಒಂದು ಸಾಲಿನ ತಿಳಿವಳಿಕೆಯಿಂದ ಹೊರಟವರಿಗೆ ಆ ಪ್ರಶ್ನೆ ಏಳುವುದೇ ಇಲ್ಲ. ‘ಪ್ರಾಯಶ್ಚಿತ್ತ’, ‘ಈಡು’, ‘ದೋಷಪರಿಹಾರ’, ‘ಬಿಡುಗಡೆ’ ಎಂಬ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಬಳಸುವ ರೂಢಿಯನ್ನು ಬಿಟ್ಟು, ಯಾವ ಕವಿ ಯಾವ ಪದವನ್ನು ಯಾವ ಅರ್ಥದಲ್ಲಿ ಆಯ್ದನೆಂದು ನೋಡುವುದರಿಂದ ಆ ಅಧ್ಯಯನ ಆರಂಭವಾಗಬಹುದು.